ಮಗುವಿಗೂ ಒಂದು ಸೀಟು

ಮೊಪೆಡ್ ಹತ್ತುವಾಗೆಲ್ಲ ನಲ್ಲೂರಿನ ಮುನಿಗಂಗಮ್ಮ ಮೊಮ್ಮಗಳು ಸಿಂಚನಳನ್ನು ಹಳೇ ಸೀರೆಯಿಂದ ಹೊಟ್ಟೆಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಈಗ ಮಗಳು ಶಿಲ್ಪಳ ಜೊತೆ ಅಜ್ಜಿ, ಮೊಮ್ಮಗಳಿಬ್ಬರೂ ವಿಮಾನದಲ್ಲಿ ಪುಣೆಗೆ ಹೊರಟಿದ್ದರು. ಅದಕ್ಕೂ ಅದೇ ಸೀರೆ ಒಗೆದು ಹರವುತ್ತಿದ್ದಳು.

ಪಕ್ಕದ ಮನೆಯ ಅಕ್ಷತಳಿಗೆ ವಿಮಾನದ ಸೀಟುಗಳನ್ನು ಪರೀಕ್ಷೆ ಮಾಡುವ ಕೆಲಸ. ಕಾಂಪೌಂಡಿನಾಚೆಯಿಂದ ಕೇಳಿದಳು:

"ಅಜ್ಜಿ, ಮಗೂಗೆ ಸೀಟು ಬುಕ್ ಮಾಡಿದ್ದೀರಾ?"

"ಎರಡು ವರ್ಷ ತುಂಬದ ಕೂಸಿಗೆ ಯಾಕಮ್ಮಣ್ಣಿ ಸೀಟು? ನನ್ ಮಡಿಲಿಲ್ವಾ? ಕಟ್ಕೊಂಡು, ಮೇಲೆ ಬೆಲ್ಟ್ ಎಳ್ಕೊಂಡ್ರಾಯ್ತು. ಅದಿರ್ಲಿ, ನೀನು ದಿನಾ ಸೀಟ್ ಮೇಲೆ ಕೂತ್ಕೊಂಡು ನೋಡ್ತೀಯಾ?"

ಅಕ್ಷತ ನಕ್ಕಳು. "ನಾನಲ್ಲ ಅಜ್ಜಿ, ಬೊಂಬೆ ಕೂರುತ್ತೆ. ಆಳಿನಷ್ಟೇ ತೂಕದ್ದು. ಸೀಟನ್ನ ಹಳಿ ಮೇಲೆ ಜೋರಾಗಿ ಓಡಿಸಿ ಗಕ್ಕಂತ ನಿಲ್ಲಿಸ್ತೀವಿ. ಸೀಟು ಕಿತ್ತು ಬರುತ್ತಾ, ಬೊಂಬೆ ತಲೆ ಎಲ್ಲಿ ಬಡಿಯುತ್ತೆ, ಎಲ್ಲಾ ಅಳೀತೀವಿ."

"ಪಾಪ, ಬೊಂಬೆ ಪಾಡೇ! ಆಮೇಲೆ?"

"ಆ ಏಟಲ್ಲಿ ಮೈ ಹದಿನಾರು ಪಟ್ಟು ಭಾರ ಆದಂಗೆ. ವಿಮಾನ ಹಂಗೆ ಗಕ್ಕಂತ ನಿಂತ್ರೆ ನೀವು ಮುಂದಕ್ಕೆ ನುಗ್ತೀರಿ. ನಿಮಗೂ ಬೆಲ್ಟಿಗೂ ಮಧ್ಯೆ ಸಿಂಚು."

"ಬರೀ ಬಾಯಲ್ಲಿ ಹೇಳ್ಬೇಡ. ತೋರ್ಸು, ನೋಡೋಣ."

ಅಕ್ಷತ ಈಚೆ ಬಂದು, ಅಂಗಳದಲ್ಲಿದ್ದ ತಳ್ಳುಗಾಡಿಯ ಮೇಲೆ ರಾಗಿ ಮೂಟೆ ನಿಲ್ಲಿಸಿ, ಅದರ ಮುಂದೆ ಪರಂಗಿ ಹಣ್ಣಿಟ್ಟು, ಎರಡಕ್ಕೂ ಸೇರಿಸಿ ಒಂದೇ ಹಗ್ಗ ಬಿಗಿದಳು. ಇನ್ನೊಂದು ಹಣ್ಣನ್ನು ಬುಟ್ಟಿಯಲ್ಲಿಟ್ಟು ಬೇರೆಯಾಗಿ ಕಟ್ಟಿದಳು. ಮುನಿಗಂಗಮ್ಮ ತಾನೇ ಗಾಡಿ ತಳ್ಳಿಕೊಂಡು ಹೋಗಿ ಗೋಡೆಗೆ ಗುದ್ದಿಸಿದಳು.

ಮೂಟೆಯ ಮುಂದಿದ್ದ ಹಣ್ಣು ಅಪ್ಪಚ್ಚಿ. ಬುಟ್ಟಿಯಲ್ಲಿದ್ದದ್ದು ಹಾಗೇ ಇತ್ತು.

"ಮೂಟೆ ನಾನೇನೇ?"

"ಹೂಂ ಅಜ್ಜಿ."

"ಕಟ್ಕೊಳ್ದೆ ಕೈಯಲ್ಲಿ ಅವುಚ್ಕೊಂಡ್ರೆ?"

"ಹತ್ತು ಕೇಜಿ ಕೂಸು ಆ ಕ್ಷಣಕ್ಕೆ ನೂರೈವತ್ತು ಕೇಜಿ ದಾಟುತ್ತೆ. ಯಾರ ಕೈಲೂ ನಿಲ್ಲಲ್ಲ."

ಮುನಿಗಂಗಮ್ಮ ಒಳಗೆ ತಿರುಗಿ ಕೂಗಿದಳು. "ಲೇ ಶಿಲ್ಪಾ, ಟಿಕೆಟ್ ಮಾಡ್ಸಿದ ಅಳಿಯಂದ್ರಿಗೆ ಫೋನ್ ಹಾಕೇ! ಸಿಂಚುಗೂ ಒಂದ್ ಸೀಟು ಬೇಕು ಅನ್ನು."

"ಅಮ್ಮಾ, ಅವಳು ನಿನ್ ಮಡಿಲು ಬಿಟ್ಟಿರ್ತಾಳಾ?"

"ಅಳ್ಲಿ ಬಿಡೇ. ಅತ್ರೆ ಸಮಾಧಾನ ಮಾಡ್ತೀನಿ."

ಓದುತ್ತಿರುವ ಅಕ್ಕತಂಗಿಯರೇ, ವಿಮಾನಕ್ಕೆ ಹೆದರಬೇಡಿ. ಆದರೆ ನಿಮ್ಮ ಬೆಲ್ಟಿನೊಳಗೆ ಮಗುವನ್ನು ಸೇರಿಸಬೇಡಿ. ಕೈಲಾದರೆ ಮಗುವಿಗೆ ಬೇರೆ ಸೀಟು ಮಾಡಿಸಿ. ಅದರ ಮೇಲೆ ಕಟ್ಟಲು ಎಂಥ ಮಕ್ಕಳ ಕುರ್ಚಿಯನ್ನು ವಿಮಾನ ಕಂಪನಿಯವರು ಒಪ್ಪುತ್ತಾರೆಂದು ಟಿಕೆಟ್ ಮಾಡಿಸುವಾಗಲೇ ವಿಚಾರಿಸಿ. ಮಡಿಲಲ್ಲೇ ಕೂರಿಸಬೇಕಾಗಿ ಬಂದರೆ ವಿಮಾನದ ಸಿಬ್ಬಂದಿಯನ್ನು ಕೇಳಿ, ಅವರು ಹೇಳಿದಂತೆ ಮಾಡಿ. ಕೇಳಲು ನಾಚಿಕೆ ಬೇಡ.