ವಲ್ಲಿಯ ಕೆಳಗಿನ ದರ

ಕುರಿ ಸಂತೆಯಲ್ಲಿ ದರಕ್ಕೆ ಬಾಯಿಲ್ಲ, ಕೈಯಿದೆ. ಕೊಳ್ಳುವವನು ಹೆಗಲ ಮೇಲಿನ ವಲ್ಲಿ ತೆಗೆದು ತನ್ನ ಮುಂಗೈ ಮೇಲೆ ಹೊದಿಸುತ್ತಾನೆ. ಮಾರುವವನು ಅದರಡಿಗೆ ಕೈ ತೂರಿಸುತ್ತಾನೆ. ಒಂದು ಬೆರಳು ಹಿಡಿದರೆ ಒಂದು ಸಾವಿರ, ಐದನ್ನೂ ಹಿಡಿದರೆ ಐದು. ಮೇಲೆ ಇಬ್ಬರೂ ಕಬ್ಬಿನ ಮಾತು, ಮಳೆಯ ಮಾತು ಆಡುತ್ತಿರುತ್ತಾರೆ; ಕೆಳಗೆ ಬೆರಳುಗಳು ಜಗಳಾಡುತ್ತಿರುತ್ತವೆ. ಯಾವ ಟಗರು ಎಷ್ಟಕ್ಕೆ ಹೋಯಿತೆಂದು ಮಗ್ಗುಲಲ್ಲಿ ನಿಂತವನಿಗೂ ತಿಳಿಯುವುದಿಲ್ಲ.

ಲಗಮವ್ವ ಇದನ್ನು ಹುಟ್ಟಿದಾಗಿನಿಂದ ಕಂಡವಳು. ಆದರೂ ಹೆಂಗಸರಿಗೆಂದು ಜಮಖಂಡಿಯಲ್ಲಿ ನಡೆದ ಕುರಿ ಸಾಕಣೆಯ ತರಬೇತಿಯಲ್ಲಿ ಕುಳಿತ ಒಂದು ದಿನವೂ ಅದು ಅವಳಿಗೆ ನೆನಪಾಗಲಿಲ್ಲ. ಮುಧೋಳದ ಸಂತೆಯಲ್ಲಿ ಟಗರಿನ ಹಗ್ಗ ಹಿಡಿದು ನಿಂತಾಗ, ವ್ಯಾಪಾರಿ ಹಣಮಪ್ಪ ಎದುರಿಗೆ ಬಂದು ಹೆಗಲ ಮೇಲಿನ ವಲ್ಲಿಗೆ ಕೈ ಹಾಕಿದಾಗ ನೆನಪಾಯಿತು. ಪರಗಂಡಸಿನ ಕೈ ಹಿಡಿದು ಹೆಂಗಸು ದರ ಮಾಡುವುದು ಹೇಗೆ?

ತರಬೇತಿ ಕೊಟ್ಟವಳು ತೇರದಾಳದ ಮಾನಸಿ ಮೇಡಂ. ಅರಿವೆ ವ್ಯಾಪಾರದ ಮನೆಯ ಹುಡುಗಿ. ಮೆಕ್ಕೆಜೋಳ, ಹಿಂಡಿ, ಲಸಿಕೆ ಎಲ್ಲದರ ಖರ್ಚು ಕೂಡಿಸುವುದನ್ನು ಕಲಿಸಿ, "ನಿಮ್ಮ ಕೂಲಿನೂ ಅದರಾಗ ಹಿಡೀರಿ, ನಿಮ್ಮ ರಟ್ಟಿ ಏನ ಪುಕ್ಕಟೆ ಬಂದಾವೇನು?" ಎಂದಿದ್ದಳು. ಹಾಗೆ ಕೂಡಿಸಿದಾಗ ಲಗಮವ್ವನ ಟಗರಿಗೆ ಬಿದ್ದ ಅಸಲು ಹದಿನೇಳು ಸಾವಿರ. ಅದರ ಕೆಳಗೆ ಇಳಿಯಬಾರದು. ಕೊನೆಯ ದಿನ ಹೆಂಗಸರೆಲ್ಲ ಒಬ್ಬರಿಗೊಬ್ಬರು ಕುಂಬಳಕಾಯಿ ಮಾರಿ ನಕ್ಕಿದ್ದರು. "ದರ ಬಾಯಿಬಿಟ್ಟ ಹೇಳ್ರಿ, ಅಂಜಬ್ಯಾಡ್ರಿ" ಎಂದಿದ್ದಳು ಮೇಡಂ. ಪಾಪ, ಆಕೆ ಕುರಿ ಸಂತೆಗೆ ಕಾಲಿಟ್ಟವಳಲ್ಲ.

ಸಾವಳಗಿಯ ಅವರ ಹಟ್ಟಿಯಲ್ಲಿ ಕುರಿ ಮಾರುವವನು ಲಗಮವ್ವನ ಭಾವ ಧರೆಪ್ಪ. ತನ್ನ ಕುರಿಯಷ್ಟೇ ಅಲ್ಲ, ಓಣಿಯ ಹೆಂಗಸರು ಮನೆ ಮುಂದೆ ಕಟ್ಟಿ ಮೇಯಿಸಿದ್ದನ್ನೂ ಅವನೇ ಒಯ್ಯುತ್ತಿದ್ದ. ಬಂದು ಕೊಟ್ಟಿದ್ದೇ ದರ. ಈ ಸಲ ಲಗಮವ್ವ, ತಾನೇ ಮಾರುತ್ತೇನೆಂದು ಅತ್ತೆಯ ಬಾಯಿಂದ ಹೇಳಿಸಿದ್ದಳು. ಧರೆಪ್ಪ ಸಿಟ್ಟಾಗಲಿಲ್ಲ. ಊಟ ಮುಗಿಸಿ, ಕೈ ತೊಳೆದು, ಅಡುಗೆಮನೆಯ ಕಡೆ ಮುಖ ಮಾಡಿ ಅಂದ: "ಮಾರಲಿ. ಆದ್ರ ಮಾರದ ಹೊಳ್ಳಿ ಹೊಡಕೊಂಡ ಬಂದ್ರ, ಇನ್ನ ಮ್ಯಾಲ ಹಟ್ಟಿ ಮುಂದ ಒಂದ ಮರೀನೂ ಕಟ್ಟೂದು ಬ್ಯಾಡ. ಎಲ್ಲಾ ಹಿಂಡಿನ್ಯಾಗ ಹೋಗಲಿ."

ಗಂಡ ಶಿವಪುತ್ರ ಹಿಂಡಿನ ಜೊತೆ ಚಿಕ್ಕಪಡಸಲಗಿಯ ಕಡೆ ಹೊಳೆದಂಡೆಯಲ್ಲಿದ್ದ. ಫೋನಿನಲ್ಲಿ, "ನೋಡ ಮತ್ತ, ಅಣ್ಣ ಆಡಿದ ಮಾತು ಹಿಂದ ತಗೊಳ್ಳಾವಲ್ಲ" ಎಂದಷ್ಟೇ ಹೇಳಿದ.

ಈಗ ಹಣಮಪ್ಪ ಟಗರಿನ ಬೆನ್ನು ಒತ್ತಿ ನೋಡಿದ. "ಛಲೋ ಐತಿ. ಯಾರದವಾ ಇದು?"

"ನಂದರಿ."

"ಅದು ಗೊತ್ತಾತು. ಮಾರಾವ್ರು ಎಲ್ಲಿ?"

"ನಾನರಿ."

ಹಿಂದೆ ನಿಂತವನೊಬ್ಬ ನಕ್ಕ. "ಹಿಡಿಯಲೇ ಹಣಮ್ಯಾ, ಕೈ ಹಿಡಿ. ಈ ವಯಸ್ಸಿನ್ಯಾಗ ಮತ್ತೊಮ್ಮೆ ಲಗ್ನದ ಯೋಗ ಕೂಡೇತಿ."

ಲಗಮವ್ವ ಕಣ್ಣು ಮುಚ್ಚಿ ಒಂದೇ ಉಸಿರಿಗೆ, "ಹತ್ತೊಂಬತ್ತ ಸಾವಿರ" ಅಂದುಬಿಟ್ಟಳು.

ಹಣಮಪ್ಪ ವಲ್ಲಿಯನ್ನು ಮತ್ತೆ ಹೆಗಲಿಗೇರಿಸಿದ. "ಹಿಂಗ ಡಂಗುರಾ ಸಾರತಾರೇನವಾ? ಇದೇನ ಬದನಿಕಾಯಿ ಸಂತಿ ಮಾಡೀಯೇನು?" ಎಂದು ಮುಂದೆ ನಡೆದ.

ಆಮೇಲೆ ಬಂದವರೂ ಹಾಗೆಯೇ. ಟಗರಿನ ಹಲ್ಲು ನೋಡುವರು, ಬೆನ್ನು ಒತ್ತುವರು, ಅವಳ ಮುಖ ನೋಡಿ ಹೋಗುವರು. ಬಿಸಿಲೇರಿತು. ಆಚೆ ಈಚೆಯ ಕುರಿಗಳೆಲ್ಲ ಟೆಂಪೋ ಹತ್ತತೊಡಗಿದವು. ಅವಳಿಗೆ ನೀರಡಿಕೆಯಾಗಿತ್ತು, ಹಗ್ಗ ಬಿಟ್ಟು ಹೋದರೆ ಏನಾದೀತೋ ಎಂದು ಹೋಗಲಿಲ್ಲ. ಹದಿನೇಳು, ಹದಿನೇಳು ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದಳು. ಹೆದರಿಕೆಯಲ್ಲಿ ಅದೂ ಮರೆತರೆ ಗತಿಯೇನು? ಬೀರಪ್ಪಾ, ನೀನಾದರೂ ನೆನಪಿಟ್ಟುಕೋ ಎಂದು ಕುಲದೇವರಿಗೆ ಹೇಳಿದಳು.

ಪಕ್ಕದಲ್ಲಿ ಅವಳದೇ ಓಣಿಯ ರುಕ್ಮವ್ವ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದಳು. ಮುದುಕಿಯ ಟಗರನ್ನು ಧರೆಪ್ಪ ಬೆಳಿಗ್ಗೆಯೇ ಹಣಮಪ್ಪನಿಗೆ ಮಾರಿ ಮುಗಿಸಿದ್ದ. ಈಗ ಅದೇ ಹಣಮಪ್ಪನನ್ನು ಕರೆದುಕೊಂಡು ಬಂದ.

"ಹೊತ್ತಾತು" ಎಂದ ಧರೆಪ್ಪ, ಟಗರನ್ನು ನೋಡುತ್ತ. "ಹಗ್ಗ ಕೊಡು. ನಾ ಮಾರಿ ಕೊಡ್ತೇನಿ. ಹಟ್ಟಿ ಮಾನ ಆದ್ರೂ ಉಳೀಲಿ."

ಕೊಟ್ಟರೆ ಮುಗಿಯುತ್ತಿತ್ತು. ಹೆದರಿಕೆಯೂ ಮುಗಿಯುತ್ತಿತ್ತು, ಮನೆ ಮುಂದಿನ ಮರಿಗಳೂ ಮುಗಿಯುತ್ತಿದ್ದವು. ಭಾವನ ಎದುರಿಗೆ ಅವಳು ಇಷ್ಟು ವರ್ಷ ಸೆರಗು ಸರಿಸಿ ಮಾತಾಡಿದವಳಲ್ಲ. ಈಗಲೂ ಅವನೊಂದಿಗೆ ಮಾತಾಡಲಿಲ್ಲ. ಹಗ್ಗವನ್ನು ಎಡಗೈಗೆ ಸುತ್ತಿಕೊಂಡು, ಬಲಗೈಯನ್ನು ಹಣಮಪ್ಪನ ಮುಂದೆ ಚಾಚಿದಳು.

"ಅಣ್ಣಾರ, ವಲ್ಲಿ ಹೊದಿಸ್ರಿ. ಬೆರಳ ಹಿಡದ ದರಾ ಮಾಡೂಣು."

ಹಣಮಪ್ಪ ಕಾದ ಹಂಚು ಕಂಡವನಂತೆ ಹಿಂದೆ ಸರಿದ. ಬೆಳಿಗ್ಗೆ ನಕ್ಕವನೂ ನಗಲಿಲ್ಲ.

"ತಂಗಿ, ಕೈ ತಗಿ" ಎಂದ ಹಣಮಪ್ಪ ಸಣ್ಣ ದನಿಯಲ್ಲಿ. "ನನ್ನ ಬೀಗರ ಊರ ಮಂದಿ ನಿಂತಾರ ಇಲ್ಲೆ."

"ಕೈ ತಗಿ" ಎಂದ ಧರೆಪ್ಪನೂ. ಅವನ ಕತ್ತಿನ ನರ ಉಬ್ಬಿತ್ತು.

ಲಗಮವ್ವ ಏನೋ ಅಂದಳು. ಯಾರಿಗೂ ಕೇಳಲಿಲ್ಲ.

"ಏನಂದಿಬೇ? ಗಂಟಲಾಗ ಅಂದ್ರ ಯಾರಿಗಿ ಕೇಳಬೇಕು?" ಎಂದಳು ರುಕ್ಮವ್ವ.

"ಕೈ ಒಲ್ಲೆ ಅಂದ್ರ ಬಾಯಿಲೆ ಹೇಳ್ರಿ ಅಂದೆ. ಎರಡ್ರಾಗ ಒಂದು."

ಅವಳು ಕೈ ಹಿಂದೆಗೆಯಲಿಲ್ಲ. ಆ ಕೈ ಅಲ್ಲಿರುವಷ್ಟು ಹೊತ್ತು ಹಣಮಪ್ಪನಿಗೆ ನಿಲ್ಲುವಂತಿಲ್ಲ. ಹೆಣ್ಣುಮಗಳಿಗೆ ಹೆದರಿ ಓಡಿದ ಎನ್ನಿಸಿಕೊಂಡು ಹೋಗುವಂತೆಯೂ ಇಲ್ಲ. ಅವನು ಅತ್ತಿತ್ತ ನೋಡಿ, ಬೈಗುಳ ಉಸುರುವವನಂತೆ ಹಲ್ಲಿನ ಸಂದಿಯಿಂದ ಅಂದ: "ಹದಿನೈದು."

"ಆಗೂದಿಲ್ಲರಿ."

"ಹದಿನಾರು ನಂದು" ಎಂದಿತು ಹಿಂದಿನಿಂದ ಇನ್ನೊಂದು ದನಿ. ಬನಹಟ್ಟಿಯ ವ್ಯಾಪಾರಿ. ಕಿವಿಗೆ ಬಿದ್ದ ದರ. ಅವನು ಸುಮ್ಮನಿರುವುದಾದರೂ ಹೇಗೆ? ಹಣಮಪ್ಪ ತಿರುಗಿ ಅವನನ್ನು ದುರುಗುಟ್ಟಿ ನೋಡಿ, "ಹದಿನೇಳು" ಎಂದ. ಲಗಮವ್ವ ಒಲ್ಲೆನೆಂದು ತಲೆಯಾಡಿಸಿದಳು. ಬನಹಟ್ಟಿಯವನು ಹದಿನೇಳೂವರೆ ಎಂದ, ಹಣಮಪ್ಪ ಹದಿನೆಂಟು ಎಂದು ನೋಟು ತೆಗೆದ. ಬನಹಟ್ಟಿಯವನು ಕೈ ಕೊಡವಿ ಹೊರಟ.

ನೋಟು ಸೆರಗಿನಲ್ಲಿ ಗಂಟು ಹಾಕಿಕೊಳ್ಳುವಾಗ ಅವಳಿಗೆ ಸಂತೋಷ ಆಗಬೇಕಿತ್ತು. ಆಗಲು ರುಕ್ಮವ್ವ ಬಿಡಲಿಲ್ಲ. ಮುದುಕಿ ಎಲೆಯನ್ನು ಉಗುಳಿ ಎದ್ದಳು.

"ಧರೆಪ್ಪಾ, ನನ್ನ ಟಗರು ಇದಕಿಂತ ಎತ್ತರಿತ್ತಲ್ಲೋ. ನನಗ ಹನ್ನೆರಡ ಅಂತ ಕೊಟ್ಟಿ. ಖರೆ ಎಷ್ಟಕ್ಕ ಹೋತು?"

"ಮನಿಗಿ ನಡೀ ಆಯಿ, ಹೇಳ್ತೇನಿ."

"ಇಲ್ಲೇ ಹೇಳು. ಈಗ ಎಲ್ಲಾರೂ ಬಾಯಿಲೇ ಹೇಳಾಕತ್ತಾರಲ್ಲ."

ಧರೆಪ್ಪ ಮುದುಕಿಯ ಕಡೆ ನೋಡಲಿಲ್ಲ. ಲಗಮವ್ವನನ್ನು ನೋಡಿದ. ಮದುವೆಯಾಗಿ ಬಂದ ಮೇಲೆ ಅವನು ಅವಳ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಮಾರದೆ ಮನೆಗೆ ಹೋದರೆ ಏನಾದೀತೆಂದು ರಾತ್ರಿಯೆಲ್ಲ ಯೋಚಿಸಿದವಳು, ಮಾರಿ ಹೋದರೆ ಏನಾದೀತೆಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಊರಿಗೆ ಹೋಗಲು ಇದ್ದದ್ದು ಒಂದೇ ಟಂಟಂ ರಿಕ್ಷಾ. ಧರೆಪ್ಪ ಮುಂದೆ, ಚಾಲಕನ ಮಗ್ಗುಲಿಗೆ ಕುಳಿತ. ಹೆಂಗಸರು ಹಿಂದೆ. ಟಂಟಂ ಜಮಖಂಡಿ ದಾಟಿತು. ಆಮೇಲೆ ರುಕ್ಮವ್ವ, ಮುಂದೆ ಕುಳಿತವನಿಗೂ ಕೇಳಲೆಂದೇ ದನಿ ಏರಿಸಿದಳು.

"ಮುಂದಿನ ಸಂತಿಗಿ ನನ್ನ ಎರಡೂ ಮರಿ ನೀನ ಒಯ್ಯಬೇ, ಲಗಮವ್ವಾ."

ಒಲ್ಲೆ ಅನ್ನಬೇಕೆಂದು ಲಗಮವ್ವ ಬಾಯಿ ತೆರೆದಳು. ಮುಂದಿನ ಕನ್ನಡಿಯಲ್ಲಿ ಧರೆಪ್ಪನ ಕಣ್ಣುಗಳು ಕಾಯುತ್ತಿದ್ದವು. ಅವಳು ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದಳು.

"ಹೂಂ" ಅಂದಳು.