ನೀರಿನಂಥ ಆಯಿಲ್

ಹೆಬ್ಬೂರಿಗೆ ಇನ್ನೊಂದೇ ಕಿಲೋಮೀಟರು ಇದೆ ಅನ್ನುವಾಗ ಮಂಗಳಗೌರಿಯ ಕಾರಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಅದರ ಬೆನ್ನಿಗೇ ಎಂಜಿನ್ನಿನ ಕಡೆಯಿಂದ ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು. ಎಷ್ಟು ಒತ್ತಿದರೂ ಕಾರು ಮೂವತ್ತರ ಮೇಲೆ ಏರಲಿಲ್ಲ.

"ಏನಾಯ್ತು ಗೌರಿ?" ಹಿಂದಿನ ಸೀಟಿನಿಂದ ಗಂಗಹನುಮಯ್ಯ ಕೇಳಿದ. ಕೇಳಿದ್ದು ಬಾಯಿ ಮಾತ್ರ. ನೆನ್ನೆ ತಾನು ಮಾಡಿದ ಕೆಲಸ ಅವನಿಗೆ ಆಗಲೇ ನೆನಪಾಗಿತ್ತು.

ಪಕ್ಕದಲ್ಲಿ ಅವನ ತಮ್ಮ, ಗೌರಿಯ ಗಂಡ ಲಕ್ಷ್ಮೀಕಾಂತ, ಮುಂದಿನ ಸೀಟಿಗೆ ಹಣೆ ಆನಿಸಿಕೊಂಡು ಉಸಿರೆಳೆಯುತ್ತಿದ್ದ. ಹಿಂದಕ್ಕೆ ಒರಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಕುಣಿಗಲ್ ಪಕ್ಕದ ಊರಿನಿಂದ ವಾರಕ್ಕೆ ಮೂರು ಸಲ ತುಮಕೂರಿಗೆ ಡಯಾಲಿಸಿಸ್‌ಗೆ ಹೋಗುವವನು, ಶನಿವಾರ ಜ್ವರವೆಂದು ತಪ್ಪಿಸಿಕೊಂಡಿದ್ದ. ಇವತ್ತು ಮಂಗಳವಾರ. ಮೈಯಲ್ಲಿ ನೀರು ತುಂಬಿ ಪಾದ ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಎಂಟಕ್ಕೆ ಮೆಷಿನ್ ಮೇಲೆ ಇರಲೇಬೇಕು, ಇನ್ನು ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಈಗ ಏಳೂಕಾಲು.

ಗಂಗಹನುಮಯ್ಯನಿಗೆ ಎಂಜಿನ್ ಹೊಸದಲ್ಲ. ಮೂವತ್ತು ವರ್ಷದಿಂದ ಮನೆಯ ಟ್ರ್ಯಾಕ್ಟರಿಗೆ ಅವನೇ ಮೆಕ್ಯಾನಿಕ್ಕು. ಆಯಿಲ್ ಕಡ್ಡಿ ಎಳೆದು, ಅದರ ತುದಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿದರೆ ಸಾಕು, ಒಳಗಿನ ಸ್ಥಿತಿ ಹೇಳಿಬಿಡುತ್ತಿದ್ದ. ಟ್ರ್ಯಾಕ್ಟರಿನ ಆಯಿಲ್ ನೀರಾಗಿದ್ದರೆ ಅದರೊಳಕ್ಕೆ ಡೀಸೆಲ್ ಸೋರಿದೆ ಎಂದೇ ಲೆಕ್ಕ. ಆ ಕೂಡಲೇ ಇಳಿಸದಿದ್ದರೆ ಬೇರಿಂಗು ಹೋಗುತ್ತದೆ.

ನೆನ್ನೆ ಸಂಜೆ ಗೌರಿ ಡೈರಿಗೆ ಹಾಲು ಹಾಕಲು ಹೋಗಿದ್ದಾಗ, ಬೆಳಿಗ್ಗೆ ದೂರ ಹೋಗುವ ಗಾಡಿಯಲ್ಲವೇ ಎಂದು ಅವನು ಕಾರಿನ ಬಾನೆಟ್ ಎತ್ತಿದ್ದ. ಕಡ್ಡಿ ಎಳೆದು ಬೆರಳಿಗೆ ಹಚ್ಚಿದರೆ ನೀರು! ಜಿಡ್ಡೇ ಇಲ್ಲ. ಪೆಟ್ರೋಲ್ ಸೇರಿಕೊಂಡಿದೆ ಎಂದು ಲೆಕ್ಕ ಹಾಕಿದ. ಗೋಣಿಚೀಲ ಹಾಸಿಕೊಂಡು ಕಾರಿನಡಿ ತೂರಿ ಎಲ್ಲವನ್ನೂ ಇಳಿಸಿ, ಟ್ರ್ಯಾಕ್ಟರಿನ ಡಬ್ಬದಿಂದ ಹರಳೆಣ್ಣೆಯಂಥ ದಪ್ಪ ಆಯಿಲ್ ತುಂಬಿದ. ಯಾರಿಗೂ ಹೇಳಲಿಲ್ಲ. ಇರುವ ಚಿಂತೆಯ ಮೇಲೆ ಇದೊಂದು ಯಾಕೆ ಎಂದುಕೊಂಡ. ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದ್ದ. ಕಾಂತನಿಗೆ ಕಾಯಿಲೆ ಬಂದಾಗಿನಿಂದ ಕಾರು, ಮಾತ್ರೆ, ಪಥ್ಯ ಎಲ್ಲವೂ ಗೌರಿಯದೇ. ಕಿಡ್ನಿ ಕೊಡುತ್ತೇನೆಂದು ಹೋದ ತನ್ನನ್ನು ಸಕ್ಕರೆ ಕಾಯಿಲೆ ಇದೆ ಎಂದು ವಾಪಸು ಕಳಿಸಿದ್ದರು. ಇದೊಂದಾದರೂ ತನ್ನ ಕೈಯಿಂದ ಆಯಿತಲ್ಲ ಎಂಬ ಸಮಾಧಾನ ಅವನದು.

ಕಾರು ಕುಂಟುತ್ತ ಹೆಬ್ಬೂರಿನ ಯಲ್ಲಯ್ಯನ ಗ್ಯಾರೇಜಿನ ಮುಂದೆ ನಿಂತಿತು. ಗೌರಿ ಆಂಬ್ಯುಲೆನ್ಸಿಗೆ ಫೋನು ಮಾಡಿದಳು; ಹತ್ತಿರದ್ದು ಹೆರಿಗೆ ಕೇಸು ತೆಗೆದುಕೊಂಡು ಹೋಗಿತ್ತು, ಬರಲು ಒಂದೂವರೆ ಗಂಟೆ. ಬಂದ ಬಸ್ಸಿನ ಫುಟ್‌ಬೋರ್ಡಿನಲ್ಲೇ ಐದು ಜನ ನೇತಾಡುತ್ತಿದ್ದರು. ಆಟೋಗಳೆಲ್ಲ ಸ್ಕೂಲ್ ಮಕ್ಕಳನ್ನು ತುಂಬಿಕೊಂಡು ಹೊರಟಿದ್ದವು.

"ಕರೆಂಟ್ ಕಾರಲ್ವಾ ಇದು? ಬ್ಯಾಟ್ರಿ ಮೇಲೇ ಓಡ್ಸ್ಕೊಂಡ್ ಹೋಗಿ," ಟೀ ಕುಡಿಯುತ್ತಿದ್ದವನೊಬ್ಬ ಸಲಹೆ ಕೊಟ್ಟ.

"ಹೈಬ್ರಿಡ್ ಕಣ್ಲಾ ಇದು. ಒಂದ್ ಮೈಲಿ ಬ್ಯಾಟ್ರಿಲೋದ್ರೆ ಆಮೇಲೆ ಎಂಜಿನ್ನನ್ನೇ ಕರೀತದೆ. ನೀನು ಟೀ ಕುಡಿ ಸುಮ್ನೆ," ಎಂದು ಯಲ್ಲಯ್ಯ ಗೌರಿಯ ಕಡೆ ತಿರುಗಿದ. "ಆಯಿಲ್ ಯಾವಾಗ ಬದ್ಲಾಯ್ಸಿದ್ದು ಅಕ್ಕ?"

"ಹೋದ ತಿಂಗಳು. ಸರ್ವಿಸ್ ಸೆಂಟರಲ್ಲೇ."

"ಹಂಗಾದ್ರೆ ಆಯಿಲ್ದಲ್ಲ ಬುಡಿ. ಗಾಡಿ ಒಳಗಿನ ಕಂಪ್ಯೂಟರ್ದೇ ಇರ್ಬೇಕು. ಅದಕ್ಕೆ ನಾನು ಕೈ ಹಾಕಲ್ಲ. ದೊಡ್ಡ ಗಾಡಿ ಕರ್ಸಿ, ಅದರ ಮೇಲೆ ಹಾಕ್ಕೊಂಡ್ ಹೋಗ್ಬೇಕು. ಬರೋದು ಒಂಬತ್ತೂವರೆ ಆಯ್ತದೆ."

ಗೌರಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಟೀ ಅಂಗಡಿಯ ಸಿದ್ದಲಕ್ಷ್ಮಮ್ಮ ಯಾರೂ ಕೇಳದೆಯೇ ಒಂದು ಸ್ಟೂಲು ತಂದಿಟ್ಟಿದ್ದಳು. ಅದರ ಮೇಲೆ ಕೂತ ಕಾಂತ ಅಣ್ಣನ ಹೊಟ್ಟೆಗೆ ಹಣೆಯಿಟ್ಟು ಆತುಕೊಂಡಿದ್ದ. ಒಂದೊಂದು ಉಸಿರೂ ಗಂಗಹನುಮಯ್ಯನ ಅಂಗಿಯ ಮೂಲಕ ಅವನ ಮೈಗೆ ತಾಕುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ತನ್ನ ಮಾನ ಉಳಿಯುತ್ತದೆ. ಇವನು?

"ಯಲ್ಲಯ್ಯ," ಎಂದ. "ಆಯಿಲ್ ನಾನು ಬದ್ಲಾಯ್ಸ್ದೆ. ನೆನ್ನೆ ಸಾಯಂಕಾಲ. ಟ್ರ್ಯಾಕ್ಟರ್ದು ಹಾಕಿದೀನಿ."

ಗೌರಿ ತಿರುಗಿದ ರಭಸಕ್ಕೆ ಅವಳ ಕೈಯ ಫೋನು ಕೆಳಗೆ ಬಿತ್ತು. "ಭಾವಾ! ನನ್ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮ್ಗೆ?"

"ನೀರಾಗಿತ್ತು ಕಣಮ್ಮ… ಪೆಟ್ರೋಲ್ ಸೇರ್ಕೊಂಡೈತೆ ಅನ್ಕಂಡೆ."

"ಇವರ ಜೀವದ ಜೊತೆ ಆಟ ಆಡಿದ್ರಲ್ಲ ನೀವು!"

ಯಲ್ಲಯ್ಯ ಮಾತ್ರ ಬೈಯಲಿಲ್ಲ. ಆಗಲೇ ಜಾಕು ಎಳೆದುಕೊಂಡು ಬರುತ್ತಿದ್ದ. "ಅದು ಹುಟ್ಟಿದ್ದೇ ನೀರಿನ ಹಂಗೆ ಯಜಮಾನ್ರೇ. ನಿಮ್ ಟ್ರ್ಯಾಕ್ಟರು ಒಂದ್ಸಲ ಎದ್ರೆ ಸಾಯಂಕಾಲದವರ್ಗೂ ಓಡ್ತದೆ. ಇದರ ಎಂಜಿನ್ನು ಬ್ಯಾಟ್ರಿ ಓಡ್ಸುವಾಗೆಲ್ಲ ನಿಲ್ತದೆ; ದಾರೀಲೇ ಹತ್ತು ಸಲ ಮಲಗಿ ಹತ್ತು ಸಲ ಏಳ್ತದೆ. ಎದ್ದಾಗೆಲ್ಲ ಆಯಿಲ್ ತಟಕ್ಕಂತ ಮೇಲಕ್ಕೋಡ್ಬೇಕು. ಅದರ ದಾರಿಗಳೂ ಸಣ್ಣವು. ಗಟ್ಟಿ ಆಯಿಲ್ ಹೋಗೋದ್ ನಿಧಾನ. ಅದಕ್ಕೇ ಒದ್ದಾಡ್ತೈತೆ."

ಆಯಿಲ್ ತುಂಬುವ ಮುಚ್ಚಳದ ಮೇಲಿದ್ದುದನ್ನು ಗೌರಿ ಓದಿದಳು. "ಜೀರೋ ಡಬ್ಲ್ಯೂ ಸಿಕ್ಸ್‌ಟೀನ್."

"ನಿಮ್ಮ ಡಬ್ಬದ್ದು ಫಿಫ್ಟೀನ್ ಡಬ್ಲ್ಯೂ ಫಾರ್ಟಿ ಇರ್ತದೆ," ಎಂದ ಯಲ್ಲಯ್ಯ. "ಮೊದಲ್ನೇ ನಂಬರು ತಣ್ಣಗಿರೋವಾಗ ಎಷ್ಟ್ ಸಲೀಸಾಗಿ ಹರೀತದೆ ಅಂತ. ಎರಡ್ನೇದು ಬಿಸಿಯಾದಾಗ ಎಷ್ಟ್ ದಪ್ಪ ಅಂತ. ಎರಡೂ ಕಮ್ಮಿ ಇದ್ರೇನೇ ಇದಕ್ಕೆ ಒಗ್ಗೋದು."

ಅವನ ಕಪಾಟಿನಲ್ಲಿ ಟ್ರ್ಯಾಕ್ಟರಿನ ಡಬ್ಬಗಳು, ಬೈಕಿನ ಬಾಟಲಿಗಳು ಇದ್ದವು, ಸಿಕ್ಸ್‌ಟೀನ್ ಇರಲಿಲ್ಲ. ಸೀಲು ಒಡೆಯದ ಒಂದೇ ಒಂದು ಡಬ್ಬ ಬೇರೆಯಾಗಿ ಇತ್ತು. ಜೀರೋ ಡಬ್ಲ್ಯೂ ಟ್ವೆಂಟಿ. ಗುಬ್ಬಿಯಲ್ಲಿ ಕೆಲಸ ಮಾಡುವ ಜಯಪ್ರಕಾಶ್ ಮೇಷ್ಟ್ರು ತಮ್ಮ ಕಾರಿಗೆಂದು ತರಿಸಿದ್ದು. ಸಂಜೆ ಬಂದು ಹಾಕಿಸಿಕೊಳ್ಳುವವರಿದ್ದರು.

"ಅದು ಆಗುತ್ತಾ ಇದಕ್ಕೆ?" ಗೌರಿ ಡ್ಯಾಶ್‌ಬೋರ್ಡಿನಿಂದ ಕಾರಿನ ಪುಸ್ತಕ ತೆಗೆದು ಹಾಳೆ ಮಗುಚತೊಡಗಿದಳು. "ಸಿಕ್ಸ್‌ಟೀನ್ ಸಿಗದಿದ್ರೆ ಟ್ವೆಂಟಿ ಹಾಕಬಹುದು, ಮುಂದಿನ ಸಲ ಮತ್ತೆ ಸಿಕ್ಸ್‌ಟೀನೇ ಹಾಕ್ಬೇಕು ಅಂತಿದೆ."

ನೆನ್ನೆಯೂ ಆ ಪುಸ್ತಕ ಅಲ್ಲೇ ಇತ್ತು. ಗಂಗಹನುಮಯ್ಯ ತಲೆ ತಗ್ಗಿಸಿದ.

ಯಲ್ಲಯ್ಯ ಸ್ಪೀಕರ್ ಹಾಕಿ ಮೇಷ್ಟ್ರಿಗೆ ಫೋನು ಮಾಡಿದ. ಅರ್ಧ ಕೇಳುವುದರಲ್ಲೇ ಆ ಕಡೆಯಿಂದ ಗದರಿಕೆ ಬಂತು. "ಜೀವ ಹೋಗೋ ವಿಷಯಕ್ಕೆ ನನ್ನನ್ನ ಕೇಳ್ಕೊಂಡು ನಿಂತಿದೀಯಲ್ಲಯ್ಯ! ಹಾಕು ಮೊದ್ಲು."

ದಪ್ಪ ಆಯಿಲ್ ಇಳಿಯಲು ತಡವಾಯಿತು. ಮೊದಲು ಧಾರೆ, ಆಮೇಲೆ ನೂಲು, ಆಮೇಲೆ ತೊಟ್ಟು ತೊಟ್ಟು. ಕಾಂತನ ತುಟಿ ನೀಲಿಗಟ್ಟುತ್ತಿತ್ತು. ಸಿದ್ದಲಕ್ಷ್ಮಮ್ಮ ಕ್ಯಾಲೆಂಡರಿನ ರಟ್ಟಿನಿಂದ ಅವನಿಗೆ ಗಾಳಿ ಹಾಕುತ್ತ, ಟೀ ಕೇಳಿ ಬಂದವರನ್ನೆಲ್ಲ "ತಡ್ಕಳ್ರಪ್ಪ" ಎಂದು ನಿಲ್ಲಿಸಿದ್ದಳು.

"ಅಣ್ಣ," ಕಾಂತ ತೊದಲಿದ. "ಆಗ್ತಾ ಇಲ್ಲ ಕಣೋ."

"ಆಯ್ತು, ಆಯ್ತು, ಹೊರಟ್ವಿ." ತನ್ನ ಉಸಿರನ್ನೇ ಕಿತ್ತು ಕೊಡುವಂತಿದ್ದರೆ ಗಂಗಹನುಮಯ್ಯ ಆ ಕ್ಷಣ ಕೊಟ್ಟುಬಿಡುತ್ತಿದ್ದ.

ಹೊರಟಾಗ ಎಂಟೂ ಹತ್ತು. ಹಳದಿ ದೀಪ ಉರಿಯುತ್ತಲೇ ಇತ್ತು. ಸದ್ದು ನಿಂತಿತ್ತು, ಕಾರಿಗೆ ಕಾಲು ಬಂದಿತ್ತು.

ಆಸ್ಪತ್ರೆ ತಲುಪುವಷ್ಟರಲ್ಲಿ ಮೆಷಿನ್ನಿನ ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಿದ್ದರು. "ಎಂಟೂವರೆವರ್ಗೂ ಕಾದೆ ಮೇಡಂ," ಎಂದಳು ಟೆಕ್ನಿಶಿಯನ್ ಹರ್ಷಿತಾ, ಅಳುವಂತೆ. "ಇನ್ನೊಂದು ಖಾಲಿಯಾಗೋದು ಹನ್ನೊಂದಕ್ಕೆ." ಮಲಗಿದ್ದ ಮುದುಕ ಕಾಂತನ ಮುಖವನ್ನೊಮ್ಮೆ ನೋಡಿದವನೇ ಎದ್ದು ಕೂತ.

"ಸೂಜಿ ಇನ್ನೂ ಚುಚ್ಚಿಲ್ವಲ್ಲ ತಾಯಿ? ಅವರನ್ನ ಮಲಗ್ಸು. ನಾನು ಕಾಯ್ತೀನಿ." ಹೆಸರು ಸಿದ್ದಯ್ಯ, ಗುಬ್ಬಿಯವನು. ಅವನ ಪಾದವೂ ಊದಿತ್ತು.

ಇನ್ನರ್ಧ ಗಂಟೆಯಾಗಿದ್ದರೆ ಐಸಿಯುಗೆ ಹಾಕಬೇಕಿತ್ತು ಎಂದರು ಡಾಕ್ಟರು. ಹತ್ತು ಗಂಟೆಗೆ ಕಾಂತ ದಿಂಬಿಗೆ ಒರಗಿದ. ಆಮೇಲೆ ನಿದ್ದೆ ಹೋದ.

"ಗುರುವಾರ ಮತ್ತೆ ಬರ್ಬೇಕು," ಎಂದಳು ಗೌರಿ, ಗೋಡೆಗೆ ಹೇಳುವಂತೆ. "ಕಾರಿನ ಲೈಟ್ ಇನ್ನೂ ಉರೀತಿದೆ."

ಡಯಾಲಿಸಿಸ್ ಮುಗಿಯುವುದರೊಳಗೆ ಬಂದರಾಯಿತೆಂದು ಇಬ್ಬರೂ ಶಿರಾ ಗೇಟಿನ ಬಳಿಯ ಸರ್ವಿಸ್ ಸೆಂಟರಿಗೆ ಹೋದರು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡುತ್ತ, "ನಮ್ಮಲ್ಲಿ ಸರ್ವಿಸ್ ಆದ್ಮೇಲೆ ಆಯಿಲ್ ಯಾರಾದ್ರೂ ಬದಲಾಯ್ಸಿದಾರಾ ಮೇಡಂ?" ಎಂದು ಕೇಳಿದಳು.

ಗೌರಿ ಭಾವನ ಕಡೆ ಒಮ್ಮೆ ನೋಡಿದಳು. "ಹೂಂ. ಮನೇಲೇ ಬದಲಾಯ್ಸಿದ್ವಿ. ನಮಗೆ ಗೊತ್ತಾಗ್ಲಿಲ್ಲ."

ಗಂಗಹನುಮಯ್ಯ ಕೌಂಟರಿನ ಮೇಲೆ ಎರಡೂ ಕೈ ಊರಿದ.

"ಅವರಲ್ಲ ಕಣಮ್ಮ, ನಾನು," ಎಂದ. "ಯಾರನ್ನೂ ಕೇಳದೆ ಹಾಕ್ದೆ. ಏನೇನ್ ಮಾಡ್ದೆ ಅಂತ ಮೊದ್ಲಿಂದ ಹೇಳ್ತೀನಿ, ಬರ್ಕೋ. ಗುರುವಾರದೊಳಗೆ ಮಾತ್ರ ಸರಿ ಮಾಡ್ಕೊಡು."