ಏರಿಯ ಮೇಲಿನ ಈಚಲು

ಗರಿಗಳ ಭಾನುವಾರಕ್ಕೆ ಇನ್ನು ಒಂದೇ ರಾತ್ರಿ. ಜ್ಞಾನಮ್ಮ ಕುಡುಗೋಲು ಹಿಡಿದು ಮಂಡಿಕಲ್ ಕಡೆಯ ಕೆರೆ ಏರಿಯ ಮೇಲೆ ನಿಂತೇ ಇದ್ದಳು. ಈಚಲು ಮರಕ್ಕೆ ಕೈಯಿಡಲು ಧೈರ್ಯ ಸಾಲದು.

ಬೆಳಗ್ಗೆ ಯೇಸುಸ್ವಾಮಿಯ ಮೆರವಣಿಗೆಗೆ ಎಲ್ಲರ ಕೈಗೂ ಗರಿ ಬೇಕು. ಅದೂ ಬಿಚ್ಚದ, ಬೆಳ್ಳನೆಯ ಸುಳಿಯೇ ಆಗಬೇಕು, ಶಿಲುಬೆ ಹೆಣೆಯಲು ಅದೇ ಚೆಂದ ಎಂಬುದು ಊರ ಚರ್ಚು ನೋಡಿಕೊಳ್ಳುವ ಉಪದೇಶಿ ರಾಯಪ್ಪನವರ ಹಟ. ಹೋದ ವರ್ಷವೂ ಅವಳೇ ಕೊಯ್ದಿದ್ದಳು, ಒಳಗಿನ ಎಳೆ ತಿರುಳಿನ ಸಮೇತ. ಆ ಮರಗಳೆಲ್ಲ ಒಣಗಿ ಮೋಟಾಗಿದ್ದವು. ಬೇರಿನ ಹಿಡಿತ ತಪ್ಪಿ ಬುಡದಲ್ಲಿ ಏರಿಯ ಮಣ್ಣು ಜಾರಿತ್ತು.

ತೂಬಿನ ಹತ್ತಿರ ಕೂತಿದ್ದ, ಕೆರೆ ನೀರು ಬಿಡುವ ನೀರುಗಂಟಿ ಬಯ್ಯಪ್ಪ ಕೂಗಿದ: "ಏನಮ್ಮಣ್ಣೀ, ಈ ವರ್ಸಾನೂ ತಲೆ ಕಡಿಯೋಕೆ ಬಂದ್ಯಾ? ಏರಿ ಒಡೆದ್ರೆ ನಿಮ್ಮ ಕೇರಿಗೇ ಕಣಮ್ಮ ಮೊದ್ಲು ನೀರು ನುಗ್ಗೋದು. ಅವಾಗ ದೋಣಿ ಕಟ್ಟೋಕೆ ನಿಮ್ಮ ರಾಯಪ್ಪ ಬತ್ತಾನಾ?"

"ಸುಮ್ನಿರಪ್ಪ ಬಯ್ಯಣ್ಣ, ನನಗೇ ಹೆದ್ರಿಕೆ ಆಗೈತೆ."

ಹೆದರಿಕೆ ಏರಿಯದಷ್ಟೇ ಆಗಿರಲಿಲ್ಲ. ಮಗಳು ಲೂರ್ದಮ್ಮ ಚಿಕ್ಕಬಳ್ಳಾಪುರದಲ್ಲಿ ಕನ್ಯಾಸ್ತ್ರೀಯರ ಹತ್ತಿರ ಓದಬೇಕಾದರೆ ನಾಳೆ ಪೂಜೆಗೆ ಬರುವ ಗುರುಗಳ ಕಿವಿಗೆ ರಾಯಪ್ಪನವರೇ ಒಂದು ಮಾತು ಹಾಕಬೇಕು. ಅವರನ್ನು ಎದುರುಹಾಕಿಕೊಂಡರೆ ಮಗಳ ಗತಿ?

"ದೇವರೇ, ನೀನು ಬೆಳೆಸಿದ್ದನ್ನ ನಿನ್ನ ಹಬ್ಬಕ್ಕೆ ಅಂತ ಹೆಂಗಪ್ಪ ಸಾಯ್ಸಲಿ?" ಎಂದು ಶಿಲುಬೆ ಗುರುತು ಹಾಕಿಕೊಂಡಳು. ಕೆಳಗೆ ಜೋತುಬಿದ್ದಿದ್ದ ಹಳೆಯ ಗರಿ ಒಂದೆರಡನ್ನು ಕೊಯ್ದು, ಮುಳ್ಳು ಸವರಿ, ಎಸಳು ಎಸಳಾಗಿ ಬಿಡಿಸಿದಳು. ತಲೆಗೊಂದು ಎಸಳು ಸಾಕು.

ಬೆಳಗ್ಗೆ ಬುಟ್ಟಿ ನೋಡಿದ ರಾಯಪ್ಪನವರ ಮುಖ ಕಪ್ಪಿಟ್ಟಿತು. "ಇದೇನೇ, ಪರಕೆ ಕಡ್ಡಿ ತಂದಿದ್ದೀಯ? ಗುರುಗಳ ಮುಂದೆ ನನ್ನ ಮಾನ ಕಳೀತೀಯಲ್ಲೇ! ನಿನ್ನ ಮಗಳ ಕೈಗೂ ಇದೇ ಪರಕೆ ಕೊಡು, ಹೋಗು."

"ಸುಳಿ ಕೊಯ್ದ್ರೆ ಮರ ಸಾಯ್ತದೆ ಉಪದೇಶಿಗಳೇ..."

ಅಷ್ಟರಲ್ಲಿ ಗುರುಗಳ ಜಟಕಾ ಬಂದು ನಿಂತಿತು.

ಗುರುಗಳು ಬಗ್ಗಿ ಒಂದೆಸಳು ಎತ್ತಿಕೊಂಡರು. "ಸುಳಿ ಕೊಯ್ದಿಲ್ಲವಲ್ಲ! ಬರ್ತಾ ದಾರೀಲಿ ಮೋಟು ಮರಗಳನ್ನ ನೋಡಿ ಹೊಟ್ಟೆ ಉರೀತು. ಈ ಸಲ ಹೀಗೆ ಹಳೇ ಗರಿ ಮಾತ್ರ ಕೊಯ್ಯಿರಿ ಅಂತ ಹೇಳಿದ್ದು ಯಾರು?"

ಅವಳು ಬಾಯಿ ತೆರೆಯುವ ಮೊದಲೇ ರಾಯಪ್ಪನವರು ಕೆಮ್ಮಿದರು. "ನಾನೇ ಸ್ವಾಮಿ. ತಲೆಗೊಂದೆಸಳು ಸಾಕು ಅಂತ ಹೇಳಿದ್ದೆ."

"ಒಳ್ಳೇದು. ಇನ್ನು ಮೇಲೆ ಪ್ರತಿ ವರ್ಷ ಹೀಗೇ ಆಗಲಿ."

ರಾಯಪ್ಪನವರು ತಲೆಯಾಡಿಸಲೇಬೇಕಾಯಿತು.

ಮೆರವಣಿಗೆ ಹೊರಟಿತು. ಮರವೇನೋ ಉಳಿಯಿತು. ಆದರೆ ಗುರುಗಳ ಪಕ್ಕದಲ್ಲಿ ನಡೆಯುತ್ತಿದ್ದ ಉಪದೇಶಿಗಳ ತಲೆ ಅವರತ್ತ ವಾಲುತ್ತದೆಯೇ, ಮಗಳ ಮಾತು ಎತ್ತುತ್ತಾರೆಯೇ ಎಂದು ಜ್ಞಾನಮ್ಮ ಹಾಡು ಮರೆತು ಆ ಬೆನ್ನನ್ನೇ ನೋಡುತ್ತಿದ್ದಳು. ತಲೆ ವಾಲಲಿಲ್ಲ. ಚರ್ಚಿನ ಬಾಗಿಲು ಹತ್ತಿರವಾಯಿತು. ಅವಳು ಮಗಳ ಕೈ ಬಿಗಿಹಿಡಿದು, ಜನರನ್ನು ಸರಿಸಿಕೊಂಡು ಮುಂದೆ ನುಗ್ಗಿದಳು.

"ಸ್ವಾಮಿ, ನನ್ನ ಮಗಳ ವಿಷಯ ಒಂಚೂರು..." ಎಂದಳು.